ಜರ್ಮನಿಯಲ್ಲಿ ಬದುಕುತ್ತಾ ಜರ್ಮನ್ ಕಲಿಯುವುದು: ಕನ್ನಡಿಗರಿಗೊಂದು ಹಂತವಾರು ಮಾರ್ಗದರ್ಶಿ

ಜರ್ಮನಿಗೆ ಬಂದು ಹತ್ತು ವರ್ಷವಾದರೂ ಬೇಕರಿಯಲ್ಲಿ ಎರಡು ಬನ್ನು ಕೇಳಲು ಇಂಗ್ಲಿಷನ್ನೇ ನೆಚ್ಚಿಕೊಂಡಿರುವ ಕನ್ನಡಿಗರಿದ್ದಾರೆ. ಅವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಕಚೇರಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ, ವಾರಾಂತ್ಯಕ್ಕೆ ಭಾರತದ ಗೆಳೆಯರು, ರಾತ್ರಿ ಊಟದ ಹೊತ್ತಿಗೆ ಊರಿನ ಸುದ್ದಿ. ಇಡೀ ದಿನದಲ್ಲಿ ಜರ್ಮನ್ ಮಾತನಾಡಲೇಬೇಕಾದ ಒಂದು ಗಳಿಗೆಯೂ ಬರುವುದಿಲ್ಲ. ಆ ನೆಲದಲ್ಲಿದ್ದರೆ ಭಾಷೆ ತಾನಾಗಿ ಹತ್ತುತ್ತದೆ ಎಂಬ ನಂಬಿಕೆಯೇ ಅವರನ್ನು ಹಿಂದೆ ಉಳಿಸಿದ್ದು. ಭಾಷೆ ನೆಲದಿಂದ ಬರುವುದಿಲ್ಲ, ಜನರಿಂದ ಬರುತ್ತದೆ. ಜನ ನಮ್ಮೊಡನೆ ಅವರ ಭಾಷೆಯಲ್ಲಿ ಮಾತನಾಡಬೇಕಾದ ಸಂದರ್ಭಗಳನ್ನು ನಾವೇ ಕಟ್ಟಿಕೊಳ್ಳಬೇಕು. ಈ ಲೇಖನ ಅದನ್ನು ಕಟ್ಟಿಕೊಳ್ಳುವ ಬಗೆಯನ್ನು ಕುರಿತದ್ದು.

ಇದರಲ್ಲಿ ನಮಗೆ ಇನ್ನೊಂದು ಹೊಣೆಯೂ ಇದೆ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಬಾಳಿ ಕನ್ನಡದ ಒಂದು ವಾಕ್ಯವನ್ನೂ ಕಲಿಯದವರನ್ನು ನಾವು ಕಂಡಿದ್ದೇವೆ, ಅದಕ್ಕೆ ನೊಂದಿದ್ದೇವೆ. ಹಾಗೆ ನೊಂದವರು ಮತ್ತೊಬ್ಬರ ಊರಿಗೆ ಹೋದಾಗ ಅವರ ಭಾಷೆಯನ್ನು ಕಲಿಯುವುದು ನ್ಯಾಯ. ಲಾಭದ ಮಾತು ಬೇಕಿದ್ದರೆ ಅದೂ ಇದೆ. ಉನ್ನತ ಶಿಕ್ಷಣ ಪಡೆದ ವಿದೇಶಿ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿ ಇರುವವರಿಗೆ ಎ1 ಮಟ್ಟದ, ಅಂದರೆ ತೀರಾ ಆರಂಭದ ಮಟ್ಟದ, ಜರ್ಮನ್ ಇದ್ದರೆ 27 ತಿಂಗಳಿಗೆ ಖಾಯಂ ವಾಸದ ಪರವಾನಗಿ ಸಿಗಬಹುದು, ಬಿ1, ಅಂದರೆ ನಡುಮಟ್ಟ, ಇದ್ದರೆ 21 ತಿಂಗಳಿಗೇ ಸಿಗಬಹುದು. ಪೌರತ್ವಕ್ಕೆ ಸಾಮಾನ್ಯವಾಗಿ ಬಿ1 ಬೇಕೇ ಬೇಕು. ಆದರೆ ಕಾಗದಕ್ಕಾಗಿ ಮಾತ್ರ ಕಲಿತವರ ಭಾಷೆ ಪರೀಕ್ಷೆಯ ಮರುದಿನದಿಂದಲೇ ಕರಗತೊಡಗುತ್ತದೆ.

ಹೊರಡುವ ಮೊದಲು

ಬೆಂಗಳೂರಿನಲ್ಲೋ ನಿಮ್ಮ ಊರಿನಲ್ಲೋ ಎ1 ಮುಗಿಸಿಕೊಂಡು ವಿಮಾನ ಹತ್ತಿ. ಇಂದಿರಾನಗರದ ಗ್ಯೋಟೆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ, ಕಲಿಸುವುದರ ಜೊತೆಗೆ ಪರೀಕ್ಷೆಯನ್ನೂ ನಡೆಸುತ್ತದೆ. ತರಗತಿಗೆ ಸಮಯವಿಲ್ಲದವರು ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ‘ನಿಕೋಸ್ ವೇಗ್’ ಎಂಬ ಉಚಿತ ವಿಡಿಯೊ ಪಾಠದಿಂದ ಆರಂಭಿಸಬಹುದು. ಏನೂ ಗೊತ್ತಿಲ್ಲದೆ ಹೋದರೆ ಸುತ್ತಲಿನ ಮಾತು ಬರೀ ಗದ್ದಲವಾಗಿ ಕೇಳಿಸುತ್ತದೆ, ಕಿವಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಎ1 ಅಷ್ಟನ್ನು ಮಾತ್ರ ಕೊಡುತ್ತದೆ, ಅಷ್ಟು ಸಾಕು.

ಈ ಹಂತದಲ್ಲಿ ಹೆಚ್ಚು ಗಮನ ಬೇಡುವುದು ಉಚ್ಚಾರಣೆ. ಕನ್ನಡಿಗರಿಗೆ ಹ್ರಸ್ವ, ದೀರ್ಘಗಳ ವ್ಯತ್ಯಾಸ ಹುಟ್ಟಿನಿಂದ ಬಂದದ್ದು. ಬಳೆ, ಬಾಳೆ ಎರಡನ್ನೂ ಒಂದೇ ಎಂದು ನಾವು ಎಂದೂ ಕೇಳಿಸಿಕೊಳ್ಳುವುದಿಲ್ಲ. ಜರ್ಮನ್‌ನಲ್ಲಿ ‘ಶ್ಟಟ್’ ಎಂದರೆ ನಗರ, ‘ಶ್ಟಾಟ್’ ಎಂದರೆ ರಾಜ್ಯ ಅಥವಾ ಸರ್ಕಾರ; ‘ಮಿಟೆ’ ಎಂದರೆ ನಡುಭಾಗ, ‘ಮೀಟೆ’ ಎಂದರೆ ಬಾಡಿಗೆ. ಇಂಥದ್ದು ನಮ್ಮ ಕಿವಿಗೆ ಸುಲಭ. ಕಷ್ಟವಾಗುವುದು ಮೇಲೆ ಎರಡು ಚುಕ್ಕೆ ಇಟ್ಟ ü, ö ಸ್ವರಗಳು. ಅದಕ್ಕೆ ಒಂದು ಉಪಾಯವಿದೆ: ‘ಊ’ ಎನ್ನುವಾಗ ತುಟಿ ಹೇಗೆ ದುಂಡಾಗುತ್ತದೋ ಹಾಗೇ ಇಟ್ಟುಕೊಂಡು ಒಳಗಿನಿಂದ ‘ಈ’ ಎನ್ನಿ. ‘ಓ’ಗೆ ದುಂಡಾದ ತುಟಿಯಲ್ಲೇ ‘ಏ’ ಎನ್ನಿ. ಕನ್ನಡಿಯ ಮುಂದೆ ಒಂದು ವಾರ ಮಾಡಿದರೆ ಬಾಯಿ ಪಳಗುತ್ತದೆ. ಈ ಲೇಖನದಲ್ಲಿ ನಾನು ‘ಯು’, ‘ಯೋ’ ಎಂದು ಬರೆದಿರುವುದು ಬರೀ ಹತ್ತಿರದ ಗುರುತು. ನಿಜವಾದ ಧ್ವನಿಯನ್ನು ಕೇಳಿಯೇ ಕಲಿಯಬೇಕು.

ಇಂಗ್ಲಿಷನ್ನು ಸೇತುವೆ ಮಾಡಿಕೊಳ್ಳಬೇಡಿ

ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಇದನ್ನು ಯಾವ ತರಗತಿಯಲ್ಲೂ ಹೇಳಿಕೊಡುವುದಿಲ್ಲ. ನಮ್ಮಲ್ಲಿ ಬಹುತೇಕರು ಜರ್ಮನ್ ಕಲಿಯುವುದು ಇಂಗ್ಲಿಷಿನ ಮೂಲಕ. ಪುಸ್ತಕ ಇಂಗ್ಲಿಷ್, ಆ್ಯಪ್ ಇಂಗ್ಲಿಷ್, ಅರ್ಥ ಬರೆದುಕೊಳ್ಳುವುದೂ ಇಂಗ್ಲಿಷ್‌ನಲ್ಲಿ. ಪದಗಳ ಮಟ್ಟಿಗೆ ಅದು ಸರಿ, ಎರಡೂ ಒಂದೇ ಕುಟುಂಬದ ಭಾಷೆಗಳು. ವಾಕ್ಯ ಕಟ್ಟುವ ರೀತಿಯಲ್ಲಿ ಮಾತ್ರ ಎಷ್ಟೋ ಕಡೆ ಜರ್ಮನ್ ಕನ್ನಡಕ್ಕೇ ಹತ್ತಿರ.

ಒಂದು ವಾಕ್ಯ ನೋಡಿ: ‘ಇಶ್ ವಾಯ್ಸ್, ಡಾಸ್ ಏರ್ ಮೊರ್ಗನ್ ನಾಖ್ ಬೆರ್ಲೀನ್ ಫೇರ್ಟ್.’ ‘ಇಶ್ ವಾಯ್ಸ್, ಡಾಸ್’ ಎಂದರೆ ‘ನನಗೆ ಗೊತ್ತು, ಏನೆಂದರೆ’. ಆ ‘ಡಾಸ್’ ಆದ ಮೇಲಿನ ಭಾಗವನ್ನು ಪದಪದವಾಗಿ ಇಳಿಸಿದರೆ ‘ಅವನು ನಾಳೆ ಬರ್ಲಿನ್ನಿಗೆ ಹೋಗುತ್ತಾನೆ’ ಎಂದಾಗುತ್ತದೆ. ಕರ್ತೃ, ಕಾಲ, ಸ್ಥಳ, ಕೊನೆಗೆ ಕ್ರಿಯಾಪದ. ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತದೆ ಎಂಬ ನಿಯಮದಲ್ಲಿ ಇಂಗ್ಲಿಷ್ ಮಾತನಾಡುವವರು ತಿಂಗಳುಗಟ್ಟಲೆ ಎಡವುತ್ತಾರೆ. ನಮ್ಮ ವಾಕ್ಯಗಳು ಸಾಮಾನ್ಯವಾಗಿ ಹಾಗೆಯೇ ಮುಗಿಯುತ್ತವೆ. ಮಾಡುತ್ತಾನೋ ಇಲ್ಲವೋ ಎಂಬುದು ಕೊನೆಯ ಪದದಲ್ಲಿ ತಿಳಿಯುವ ಭಾಷೆಯಲ್ಲಿ ಬೆಳೆದ ನಮಗೆ ಕಡೆಯವರೆಗೆ ಕಾದು ಕೇಳುವುದು ಅಭ್ಯಾಸ. ಕ್ರಿಯಾಪದ ಎರಡಾಗಿ ಒಡೆದು ಅರ್ಧ ಭಾಗ ವಾಕ್ಯದ ತುದಿಗೆ ಹೋಗುವ ಜರ್ಮನ್ ಪದ್ಧತಿಗೂ ಈ ತಾಳ್ಮೆ ನೆರವಾಗುತ್ತದೆ.

ವಿಭಕ್ತಿಯನ್ನು ನೋಡಿ. ಜರ್ಮನ್‌ಗೆ ನಾಲ್ಕೇ ವಿಭಕ್ತಿಗಳು. ‘ನನಗೆ ಚಳಿ’ ಎನ್ನುತ್ತೇವೆ, ಅವರು ‘ಮೀರ್ ಇಸ್ಟ್ ಕಾಲ್ಟ್’ ಎನ್ನುತ್ತಾರೆ; ಆ ‘ಮೀರ್’ ನಮ್ಮ ಚತುರ್ಥಿಯ ‘ನನಗೆ’. ‘ನನಗೆ ಇಷ್ಟವಾಯಿತು’ ಎನ್ನಲು ‘ಎಸ್ ಹಾಟ್ ಮೀರ್ ಗೆಫಾಲನ್’, ಅಲ್ಲಿಯೂ ‘ನನಗೆ’. ಇದೇ ಮಾತನ್ನು ಇಂಗ್ಲಿಷಿನಿಂದ ತರಲು ಹೋದವರು ‘ನಾನು’ ಎಂದು ಆರಂಭಿಸಿ ವಾಕ್ಯ ಕೆಡಿಸುತ್ತಾರೆ. ಹಿರಿಯರಿಗೂ ಅಪರಿಚಿತರಿಗೂ ‘ಜೀ’, ಆಪ್ತರಿಗೆ ‘ಡೂ’ ಎಂಬ ಭೇದವನ್ನೂ ನಮಗೆ ಯಾರೂ ವಿವರಿಸಬೇಕಿಲ್ಲ, ನೀವು ಮತ್ತು ನೀನು ನಮ್ಮಲ್ಲಿವೆ. ‘ಡೂ’ಗೆ ಇಳಿಯೋಣ ಎಂದು ಹೇಳುವ ಹಕ್ಕು ಸಾಮಾನ್ಯವಾಗಿ ವಯಸ್ಸಿನಲ್ಲೋ ಹುದ್ದೆಯಲ್ಲೋ ಹಿರಿಯರಾದವರದು ಎಂಬುದಷ್ಟೇ ನೆನಪಿರಲಿ.

ಹೀಗಾಗಿ ಮೊದಲ ದಿನದಿಂದಲೇ ನೋಟ್‌ಬುಕ್ಕಿನಲ್ಲಿ ಅರ್ಥವನ್ನು ಕನ್ನಡದಲ್ಲಿ ಬರೆಯಿರಿ, ಬಿಡಿ ಪದಕ್ಕಲ್ಲ, ಇಡೀ ವಾಕ್ಯಕ್ಕೆ. ಕನ್ನಡ ನೆರವಿಗೆ ಬಾರದ ಜಾಗ ಒಂದಿದೆ, ಅದು ಲಿಂಗ. ನಮ್ಮಲ್ಲಿ ಮೇಜು, ಬಾಗಿಲು, ಪುಸ್ತಕ ಎಲ್ಲವೂ ನಪುಂಸಕ. ಅಲ್ಲಿ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ. ತರ್ಕ ಹುಡುಕಬೇಡಿ. ಪದವನ್ನು ಅದರ ‘ಡೇರ್’, ‘ಡೀ’, ‘ಡಾಸ್’ ಸಮೇತ ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿ. ಮಾತಿನ ನಡುವೆ ತಪ್ಪಿದರೆ ನಿಲ್ಲಬೇಡಿ, ಲಿಂಗ ತಪ್ಪಿದ್ದರಿಂದ ಅರ್ಥ ತಪ್ಪುವುದು ಬಹಳ ಅಪರೂಪ.

ಮೊದಲ ತಿಂಗಳು: ಒಂದೇ ಅಂಗಡಿ, ಒಂದೇ ಹೊತ್ತು

ಬಂದ ಹೊಸತರಲ್ಲಿ ಊರೆಲ್ಲ ತಿರುಗಿ ಎಲ್ಲರೊಡನೆ ಮಾತನಾಡುವ ಉತ್ಸಾಹವಿರುತ್ತದೆ. ಅದರ ಬದಲು ಮನೆಯ ಹತ್ತಿರದ ಒಂದು ಬೇಕರಿಯನ್ನು ಆರಿಸಿಕೊಳ್ಳಿ. ದಿನವೂ ಅದೇ ಹೊತ್ತಿಗೆ ಹೋಗಿ, ಜನ ಕಡಿಮೆ ಇರುವ ಸಮಯವಾದರೆ ಒಳ್ಳೆಯದು. ಅಲ್ಲಿ ಕೇಳುವ ಪ್ರಶ್ನೆಗಳು ಬೆರಳೆಣಿಕೆಯವು, ಅವು ದಿನವೂ ಅದೇ ಕ್ರಮದಲ್ಲಿ ಬರುತ್ತವೆ.

ನೀವು: ‘ಇಶ್ ಹೆಟ್ಟೆ ಗೆರ್ನ್ ಟ್ಸ್ವಾಯ್ ಬ್ರೆಟ್ಸೆಲ್ನ್’, ಎರಡು ಬ್ರೆಟ್ಸೆಲ್ ಕೊಡಿ. ಅವರು: ‘ಸೊನ್ಸ್ಟ್ ನೊಖ್ ಎಟ್ವಾಸ್?’, ಮತ್ತೇನಾದರೂ ಬೇಕೇ? ನೀವು: ‘ಡಾಸ್ ವಾರ್ಸ್, ಡಾಂಕೆ’, ಇಷ್ಟೇ ಸಾಕು. ಅವರು: ‘ಬಾರ್ ಓಡರ್ ಮಿಟ್ ಕಾರ್ಟೆ?’, ನಗದೋ ಕಾರ್ಡೋ? ‘ಬ್ರೌಖನ್ ಜೀ ಡೇನ್ ಬೋನ್?’, ರಸೀದಿ ಬೇಕೇ? ಕೊನೆಗೆ ‘ಶ್ಯೋನನ್ ಟಾಗ್ ನೊಖ್’ ಎಂದು ಹಾರೈಸುತ್ತಾರೆ. ಅದಕ್ಕೆ ‘ಡಾಂಕೆ, ಗ್ಲಾಯ್ಶ್‌ಫಾಲ್ಸ್’, ನಿಮಗೂ ಹಾಗೆಯೇ ಆಗಲಿ ಎನ್ನಬೇಕು. ಈ ಇಡೀ ಸಂಭಾಷಣೆಯನ್ನು ಮನೆಯಲ್ಲೇ ಬಾಯಿಗೆ ತಂದುಕೊಂಡು ಹೋಗಿ. ಒಂದೆರಡು ವಾರಗಳಲ್ಲಿ ಇದು ತಡೆಯಿಲ್ಲದೆ ನಡೆಯುತ್ತದೆ.

ಆಮೇಲೆ ನಡೆಯುವುದೇ ನಿಜವಾದ ಕಲಿಕೆ. ಕೌಂಟರಿನ ಹಿಂದಿನವರು ನಿಮ್ಮ ಮುಖವನ್ನು ಗುರುತಿಸುತ್ತಾರೆ. ಒಂದು ದಿನ ಮಳೆಯ ಬಗ್ಗೆ ಒಂದು ಮಾತು ಸೇರಿಸುತ್ತಾರೆ, ಇನ್ನೊಂದು ದಿನ ಊರಿಗೆ ಹೋಗಿದ್ದಿರಾ ಎಂದು ಕೇಳುತ್ತಾರೆ. ಪಾಠದಲ್ಲಿಲ್ಲದ ಆ ಒಂದು ವಾಕ್ಯಕ್ಕಾಗಿಯೇ ದಿನವೂ ಅಲ್ಲಿಗೆ ಹೋಗುತ್ತಿರುವುದು. ಹತ್ತು ಅಂಗಡಿಗಳಿಗೆ ಒಮ್ಮೊಮ್ಮೆ ಹೋದರೆ ಆ ವಾಕ್ಯ ಎಂದಿಗೂ ಬರುವುದಿಲ್ಲ. ಇದೇ ರೀತಿ ಒಬ್ಬ ಕ್ಷೌರಿಕ, ಒಂದು ವಾರದ ಸಂತೆ, ಆ ಸಂತೆಯಲ್ಲಿ ಒಬ್ಬ ತರಕಾರಿಯವರು. ಸಂತೆ ಸೂಪರ್‌ಮಾರ್ಕೆಟ್‌ಗಿಂತ ಬಹಳ ಮೇಲು. ಸೂಪರ್‌ಮಾರ್ಕೆಟ್‌ನಲ್ಲಿ ಬಾಯಿ ತೆರೆಯದೆಯೇ ಒಂದು ವಾರದ ದಿನಸಿ ಕೊಂಡು ಬರಬಹುದು, ಸಂತೆಯಲ್ಲಿ ಬೇಕಾದದ್ದನ್ನು ಬಾಯಿಬಿಟ್ಟು ಕೇಳಬೇಕು.

ಬನ್ನಿನ ಹೆಸರೂ ಊರಿಂದೂರಿಗೆ ಬದಲಾಗುತ್ತದೆ. ಪುಸ್ತಕದಲ್ಲಿ ‘ಬ್ರ್ಯೋಟ್‌ಶನ್’, ಮ್ಯೂನಿಕ್‌ನಲ್ಲಿ ‘ಜೆಮ್ಮೆಲ್’, ಬರ್ಲಿನ್‌ನಲ್ಲಿ ‘ಶ್ರಿಪ್ಪೆ’, ಶ್ಟುಟ್‌ಗಾರ್ಟ್ ಕಡೆ ‘ವೆಕ್ಲೆ’. ನಿಮ್ಮ ಊರಿನವರು ಹೇಳುವುದನ್ನೇ ಹೇಳಿ.

ಅವರು ಇಂಗ್ಲಿಷಿಗೆ ತಿರುಗಿದಾಗ

ಇದು ನಡೆದೇ ನಡೆಯುತ್ತದೆ. ನೀವು ತಡವರಿಸುತ್ತಾ ಒಂದು ವಾಕ್ಯ ಹೇಳುತ್ತೀರಿ, ಎದುರಿನವರು ಥಟ್ಟನೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಹೆಚ್ಚಿನವರು ನಿಮಗೆ ಕಷ್ಟವಾಗದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ. ಅದನ್ನು ಅವಮಾನವೆಂದು ತೆಗೆದುಕೊಂಡರೆ ಮುಂದಿನ ಬಾರಿ ಬಾಯೇ ತೆರೆಯುವುದಿಲ್ಲ.

ಮೂರು ದಾರಿಗಳಿವೆ. ಅವರು ಇಂಗ್ಲಿಷಿನಲ್ಲಿ ಹೇಳಿದರೂ ನೀವು ಜರ್ಮನ್‌ನಲ್ಲೇ ಮುಂದುವರಿಯುವುದು ಮೊದಲನೆಯದು. ಎಷ್ಟೋ ಸಲ ಎರಡನೆಯ ವಾಕ್ಯಕ್ಕೇ ಅವರೂ ಮರಳುತ್ತಾರೆ. ಎರಡನೆಯದು ನೇರವಾಗಿ ಕೇಳುವುದು: ‘ಇಶ್ ಲೆರ್ನೆ ಡಾಯ್ಚ್. ಕ್ಯೋನನ್ ವೀರ್ ಬಿಟ್ಟೆ ಡಾಯ್ಚ್ ಶ್ಪ್ರೆಶನ್?’ ನಾನು ಜರ್ಮನ್ ಕಲಿಯುತ್ತಿದ್ದೇನೆ, ದಯವಿಟ್ಟು ಜರ್ಮನ್‌ನಲ್ಲಿ ಮಾತನಾಡೋಣವೇ? ಹೀಗೆ ಕೇಳಿದಾಗ ಮುಖ ತಿರುಗಿಸಿದವರನ್ನು ನಾನು ಕಂಡಿಲ್ಲ. ಮೂರನೆಯದು, ಅರ್ಥವಾಗದಾಗ ಇಂಗ್ಲಿಷಿನಲ್ಲಿ ‘ಸಾರಿ’ ಎನ್ನದಿರುವುದು. ಆ ಒಂದು ಪದವೇ ಎದುರಿನವರಿಗೆ ಇಂಗ್ಲಿಷಿನ ಬಾಗಿಲು ತೆರೆದು ಕೊಡುತ್ತದೆ. ‘ವೀ ಬಿಟ್ಟೆ?’ ಎನ್ನಿ, ಅಥವಾ ‘ಕ್ಯೋನನ್ ಜೀ ಬಿಟ್ಟೆ ಲಾಂಗ್‌ಜಾಮರ್ ಶ್ಪ್ರೆಶನ್?’, ಸ್ವಲ್ಪ ನಿಧಾನವಾಗಿ ಹೇಳುತ್ತೀರಾ ಎಂದು ಕೇಳಿ.

ಹಿಂದೆ ಉದ್ದನೆಯ ಸಾಲಿದ್ದಾಗ, ಆಸ್ಪತ್ರೆಯ ತುರ್ತಿನಲ್ಲಿ, ವೀಸಾದಂಥ ಸೂಕ್ಷ್ಮ ವಿಷಯದಲ್ಲಿ ಹಟ ಬೇಡ. ಅಲ್ಲಿ ಯಾವ ಭಾಷೆಯಲ್ಲಿ ಕೆಲಸವಾಗುತ್ತದೋ ಅದೇ ಸರಿ.

ತರಗತಿಯನ್ನು ಬಿಡಬೇಡಿ, ಅದನ್ನೇ ನೆಚ್ಚಿಕೊಳ್ಳಲೂ ಬೇಡಿ

ಪ್ರತಿ ನಗರದಲ್ಲೂ ‘ಫೋಕ್ಸ್‌ಹೋಖ್‌ಶೂಲೆ’ ಎಂಬ ವಯಸ್ಕರ ಶಿಕ್ಷಣ ಕೇಂದ್ರವಿರುತ್ತದೆ, ದೇಶದಲ್ಲಿ ಇಂಥವು 800ಕ್ಕೂ ಹೆಚ್ಚು. ಸಂಜೆಯ ತರಗತಿಗಳಿವೆ, ಶುಲ್ಕ ಖಾಸಗಿ ಶಾಲೆಗಳಿಗಿಂತ ಸಾಮಾನ್ಯವಾಗಿ ಕಡಿಮೆ. ವಲಸೆ ಬಂದವರಿಗಾಗಿ ಸರ್ಕಾರದ ‘ಇಂಟೆಗ್ರಾಟ್ಸಿಯೋನ್ಸ್‌ಕುರ್ಸ್’ ಇದೆ, ಸಾಮಾನ್ಯವಾಗಿ 45 ನಿಮಿಷದ 600 ಅವಧಿಗಳ ಭಾಷಾ ಪಾಠ, 100 ಅವಧಿಗಳ ದೇಶಪರಿಚಯ ಸೇರಿದ್ದು. ಕೆಲಸಕ್ಕೆ ಹೋಗದ ಸಂಗಾತಿಗೆ ಇದು ಸಿಗುವುದಾದರೆ ಬಿಡಬೇಡಿ. ಅರ್ಹತೆಯ ನಿಯಮಗಳು ಬದಲಾಗುತ್ತಿರುತ್ತವೆ, ಸೇರುವ ಮೊದಲು ವಿಚಾರಿಸಿ. ಹಗಲಿನ ತರಗತಿಯಲ್ಲಿ ಸಿರಿಯಾ, ಉಕ್ರೇನ್, ಬ್ರೆಜಿಲ್‌ನಿಂದ ಬಂದವರು ಜೊತೆಗಿದ್ದರೆ ಅದು ಭಾಗ್ಯ, ಏಕೆಂದರೆ ಬಿಡುವಿನಲ್ಲಿ ಚಹಾ ಕುಡಿಯುವಾಗಲೂ ನಿಮ್ಮ ನಡುವೆ ಇರುವ ಭಾಷೆ ಜರ್ಮನ್ ಒಂದೇ.

ಸಂಘಕ್ಕೆ ಸೇರಿ

ನನ್ನನ್ನು ಕೇಳಿದರೆ ಇಡೀ ಮಾರ್ಗದರ್ಶಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜರ್ಮನಿಯ ಸಾಮಾಜಿಕ ಬದುಕು ನಡೆಯುವುದು ‘ಫೆರಾಯ್ನ್’ಗಳಲ್ಲಿ, ಅಂದರೆ ನೋಂದಾಯಿತ ಸಂಘಗಳಲ್ಲಿ. ಟೇಬಲ್ ಟೆನಿಸ್ ಸಂಘ, ಚೆಸ್ ಸಂಘ, ಗಾಯನ ವೃಂದ, ಬೆಟ್ಟ ಹತ್ತುವವರ ಸಂಘ, ತೋಟಗಾರರ ಸಂಘ. ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವ ಕೆಲಸವೂ ಸ್ವಯಂಸೇವಕ ಅಗ್ನಿಶಾಮಕ ದಳದ್ದೇ. ಅಪರಿಚಿತರೊಡನೆ ದಾರಿಯಲ್ಲಿ ಹರಟದ ಜನ ಸಂಘದೊಳಗೆ ಮನಬಿಚ್ಚಿ ಮಾತನಾಡುತ್ತಾರೆ. ಅವರು ಬಿಗುಮಾನದವರು ಎಂದು ದೂರುವ ನಮ್ಮವರು ಬಹುತೇಕ ಅವರನ್ನು ಬಸ್ಸು, ರೈಲುಗಳಲ್ಲಿ ಮಾತ್ರ ನೋಡಿದವರು.

ಸಂಘದಲ್ಲಿ ಭಾಷೆ ಕಲಿಯಲು ಕಾರಣವಿದೆ. ಅಲ್ಲಿ ನೀವು ವಿದ್ಯಾರ್ಥಿಯಲ್ಲ, ಆಟಗಾರ ಅಥವಾ ಹಾಡುಗಾರ. ಕೈಯಲ್ಲಿ ಕೆಲಸವಿರುವುದರಿಂದ ಮೌನವೂ ಮುಜುಗರವಲ್ಲ. ಅದೇ ಜನ ಪ್ರತಿ ವಾರ ಸಿಗುತ್ತಾರೆ, ಅದೇ ಪದಗಳು ಮರಳಿ ಮರಳಿ ಬರುತ್ತವೆ. ಆಟ ಮುಗಿದ ಮೇಲೆ ಒಟ್ಟಿಗೆ ಕೂತು ಏನಾದರೂ ಕುಡಿಯುವ ಪದ್ಧತಿ ಅನೇಕ ಸಂಘಗಳಲ್ಲಿದೆ. ಹಣ್ಣಿನ ರಸ ಹಿಡಿದು ಕೂತರೂ ಸಾಕು, ಕೂರುವುದು ಮುಖ್ಯ, ಆಟದಲ್ಲಿ ಆಗದ ಮಾತು ಅಲ್ಲಿ ಆಗುತ್ತದೆ. ಮೊದಲ ಕೆಲವು ಭೇಟಿಗಳನ್ನು ಉಚಿತವಾಗಿ ನೋಡಲು ಬಿಡುವ ಸಂಘಗಳು ಬಹಳ. ‘ಪ್ರೋಬೆಟ್ರೈನಿಂಗ್’ ಇದೆಯೇ ಎಂದು ಕೇಳಿ ಹೋಗಿ.

ಯಾವುದನ್ನು ಆರಿಸಬೇಕು? ಗಾಯನ ವೃಂದಕ್ಕೆ ನನ್ನ ಮೊದಲ ಮತ. ಹಾಡಿನಲ್ಲಿ ಪ್ರತಿ ಅಕ್ಷರವನ್ನೂ ಸ್ಪಷ್ಟವಾಗಿ ಎಳೆದು ಹೇಳಬೇಕು, ಜೊತೆಯವರ ಉಚ್ಚಾರಣೆ ಕಿವಿಯ ಪಕ್ಕದಲ್ಲೇ ಇರುತ್ತದೆ. ಎರಡನೆಯದು ಕೆಟ್ಟ ವಸ್ತುಗಳನ್ನು ಸ್ವಯಂಸೇವಕರು ಕೂಡಿ ದುರಸ್ತಿ ಮಾಡುವ ‘ರಿಪೇರ್ ಕೆಫೆ’. ತಂತ್ರಜ್ಞಾನ ಬಲ್ಲ ನಮ್ಮವರಿಗೆ ಅಲ್ಲಿ ಗೌರವದ ಜಾಗವಿದೆ. ಕ್ರಿಕೆಟ್ ಸಂಘವನ್ನು ಭಾಷೆಗಾಗಿ ಮಾತ್ರ ಸೇರಬೇಡಿ. ಜರ್ಮನಿಯ ಕ್ರಿಕೆಟ್ ಮೈದಾನಗಳಲ್ಲಿ ಹೆಚ್ಚಾಗಿ ಆಡುವವರು ಭಾರತ, ಪಾಕಿಸ್ತಾನ, ಅಫ್ಘಾನಿಸ್ತಾನದವರು. ಆಟ ಚೆನ್ನಾಗಿರುತ್ತದೆ, ಜರ್ಮನ್ ಮಾತ್ರ ಅಷ್ಟಾಗಿ ಕಿವಿಗೆ ಬೀಳುವುದಿಲ್ಲ.

ಜೊತೆಗಾರರೊಬ್ಬರನ್ನು ಹುಡುಕಿಕೊಳ್ಳಿ

‘ಟಾಂಡೆಮ್’ ಎಂದರೆ ಇಬ್ಬರು ಕೂತು ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿಯುವ ವ್ಯವಸ್ಥೆ. ವಿಶ್ವವಿದ್ಯಾಲಯಗಳ ಭಾಷಾ ಕೇಂದ್ರಗಳಲ್ಲಿ, ನಗರ ಗ್ರಂಥಾಲಯಗಳ ಸೂಚನಾ ಫಲಕಗಳಲ್ಲಿ ಜೊತೆಗಾರರು ಸಿಗುತ್ತಾರೆ. ಹಲವು ಗ್ರಂಥಾಲಯಗಳು ವಾರಕ್ಕೊಮ್ಮೆ ‘ಶ್ಪ್ರಾಖ್‌ಕಫೇ’ ಎಂಬ ಉಚಿತ ಮಾತುಕತೆಯ ಸಂಜೆಯನ್ನೂ ನಡೆಸುತ್ತವೆ. ನಿಯಮ ಒಂದೇ: ಗಡಿಯಾರ ಇಟ್ಟುಕೊಂಡು ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ನಿಮ್ಮದು. ಇಲ್ಲದಿದ್ದರೆ ಸಲೀಸಾದ ಭಾಷೆ ಇಡೀ ಗಂಟೆಯನ್ನು ಆವರಿಸಿಕೊಳ್ಳುತ್ತದೆ.

ಕನ್ನಡ ಕಲಿಯಲು ಯಾರು ಬರುತ್ತಾರೆ ಎಂದು ಮೊದಲೇ ಕೈಚೆಲ್ಲಬೇಡಿ. ಬೆಂಗಳೂರಿನಲ್ಲಿ ಕಚೇರಿಯಿರುವ ಜರ್ಮನ್ ಕಂಪನಿಗಳ ನೌಕರರು, ಕರ್ನಾಟಕಕ್ಕೆ ಹೋಗಲಿರುವ ವಿದ್ಯಾರ್ಥಿಗಳು, ಕನ್ನಡಿಗರನ್ನು ಮದುವೆಯಾದವರು ಇದ್ದಾರೆ. ವ್ಯುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ಕನ್ನಡವನ್ನು ಪಾಠವಾಗಿ ಹೇಳಿಕೊಟ್ಟಿದ್ದಾರೆ. ಇದಕ್ಕಿಂತ ಬಹಳ ಹಿಂದೆ ಜರ್ಮನರು ನಮ್ಮ ನಡುವೆ ಕೂತು ಕನ್ನಡ ಕಲಿತಿದ್ದಾರೆ. ಜರ್ಮನ್ ಪಾದ್ರಿ ಹರ್ಮನ್ ಮ್ಯೋಗ್ಲಿಂಗ್ ಮಂಗಳೂರಿಗೆ ಬಂದದ್ದು 1836ರಲ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಏಳೇ ವರ್ಷಗಳಲ್ಲಿ ವಿದೇಶಿಯರೊಬ್ಬರು ಕನ್ನಡದಲ್ಲಿ ಪತ್ರಿಕೆ ನಡೆಸುವಷ್ಟು ಬೆಳೆದರು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು ಸುಮಾರು 70,000 ಪದಗಳೊಂದಿಗೆ 1894ರಲ್ಲಿ ಅಚ್ಚಾಯಿತು. ಅವರಿಗೆ ಆ್ಯಪ್ ಇರಲಿಲ್ಲ, ಇದ್ದದ್ದು ಕನ್ನಡ ಪಂಡಿತರು, ಬರೆದಿಟ್ಟ ಗಾದೆಗಳು, ದಾಸರ ಪದಗಳು ಮತ್ತು ಕೇಳಿದ್ದನ್ನು ಕೂಡಲೇ ದಾಖಲಿಸುವ ಶಿಸ್ತು. ಆ ಶಿಸ್ತನ್ನು ನಾವು ಅವರಿಂದ ತೆಗೆದುಕೊಳ್ಳಬಹುದು: ಜೇಬಿನಲ್ಲಿ ಸಣ್ಣ ಪುಸ್ತಕ, ಕೇಳಿದ ವಾಕ್ಯ, ಯಾರು ಯಾವಾಗ ಹೇಳಿದರು ಎಂಬ ಟಿಪ್ಪಣಿ. ಸಂದರ್ಭ ನೆನಪಿದ್ದರೆ ವಾಕ್ಯವೂ ನೆನಪಿರುತ್ತದೆ.

ಕಿವಿಗೆ ದಿನವೂ ಸ್ವಲ್ಪ

ಜರ್ಮನಿಯ ಪ್ರತಿ ಮನೆಯೂ ಸಾರ್ವಜನಿಕ ಪ್ರಸಾರಕ್ಕಾಗಿ ತಿಂಗಳಿಗೆ 18.36 ಯೂರೋ ಶುಲ್ಕ ಕಟ್ಟಬೇಕು. ಕಟ್ಟಿದ ಮೇಲೆ ಉಪಯೋಗಿಸಿಕೊಳ್ಳಿ. ರಾತ್ರಿ ಎಂಟರ ‘ಟಾಗೆಸ್‌ಶಾವ್’ ಹದಿನೈದು ನಿಮಿಷದ ವಾರ್ತೆ, ಅದಕ್ಕೆ ಸರಳ ಜರ್ಮನ್‌ನ ಆವೃತ್ತಿಯೂ ಬಂದಿದೆ. ವಾರ್ತೆಯ ವೇಗ ಕಷ್ಟವಾದರೆ ಡಾಯ್ಚೆ ವೆಲ್ಲೆಯ ನಿಧಾನಗತಿಯ ವಾರ್ತೆಯನ್ನು ಪಠ್ಯದೊಡನೆ ಕೇಳಿ. 1971ರಿಂದ ನಡೆದುಬಂದಿರುವ ಮಕ್ಕಳ ಕಾರ್ಯಕ್ರಮ ‘ಡೀ ಸೆಂಡುಂಗ್ ಮಿಟ್ ಡೇರ್ ಮೌಸ್’ ದೊಡ್ಡವರಿಗೂ ಒಳ್ಳೆಯ ಪಾಠ. ಪೆನ್ಸಿಲ್ ಹೇಗೆ ತಯಾರಾಗುತ್ತದೆ ಎಂಬಂಥ ವಿಷಯಗಳನ್ನು ನಿಧಾನವಾಗಿ, ಚಿತ್ರದೊಂದಿಗೆ ವಿವರಿಸುತ್ತಾರೆ. ಕೆಳಗೆ ಅಕ್ಷರ ಬೇಕಿದ್ದರೆ ಜರ್ಮನ್ ಅಕ್ಷರವನ್ನೇ ಹಾಕಿಕೊಳ್ಳಿ. ಇಂಗ್ಲಿಷ್ ಅಕ್ಷರ ಹಾಕಿದರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ. ಮೊಬೈಲಿನ ಭಾಷೆಯನ್ನೂ ಇವತ್ತೇ ಜರ್ಮನ್‌ಗೆ ಬದಲಿಸಿ.

ಕಾಗದ ಮತ್ತು ಫೋನ್

ಜರ್ಮನಿಯಲ್ಲಿ ಇನ್ನೂ ಅಂಚೆ ಕಾಗದ ಬಹಳ. ತೆರಿಗೆ ಕಚೇರಿ, ಆರೋಗ್ಯ ವಿಮೆ, ಮನೆ ಮಾಲೀಕರು, ಎಲ್ಲರಿಂದಲೂ ಪತ್ರ ಬರುತ್ತದೆ. ಬಂದ ಕೂಡಲೇ ಅನುವಾದದ ಆ್ಯಪ್ ತೆರೆಯಬೇಡಿ. ಮೊದಲು ಓದಿ ಮೂರು ಸಂಗತಿ ಹುಡುಕಿ: ಯಾರು ಬರೆದದ್ದು, ಏನು ಮಾಡಬೇಕು, ಯಾವ ದಿನಾಂಕದೊಳಗೆ. ನಿಮ್ಮ ಊಹೆಯನ್ನು ಬರೆದಿಟ್ಟು ಆಮೇಲೆ ಆ್ಯಪ್‌ನಲ್ಲಿ ಸರಿನೋಡಿ. ಕಚೇರಿಯ ಭಾಷೆ ಬಿಗಿಯಾದದ್ದು, ಆದರೆ ಅದೇ ಪದಗಳು ಪ್ರತಿ ಪತ್ರದಲ್ಲೂ ಬರುತ್ತವೆ. ‘ಫ್ರಿಸ್ಟ್’ ಎಂದರೆ ಗಡುವು, ‘ಬೆಶಾಯ್ಡ್’ ಎಂದರೆ ಕಚೇರಿಯ ನಿರ್ಣಯ, ‘ವಿಡರ್‌ಶ್ಪ್ರುಖ್’ ಎಂದರೆ ಆಕ್ಷೇಪಣೆ. ಈ ಮೂರು ಗೊತ್ತಿದ್ದರೆ ಹಣವೂ ಉಳಿಯುತ್ತದೆ.

ಫೋನ್ ಎಲ್ಲಕ್ಕಿಂತ ಕಷ್ಟ, ಎದುರಿನವರ ಮುಖವೂ ಕೈಸನ್ನೆಯೂ ಕಾಣುವುದಿಲ್ಲ. ಕುಟುಂಬ ವೈದ್ಯರ ಬಳಿ ಸಮಯ ಕೇಳುವ ಕರೆಯಿಂದ ಆರಂಭಿಸಿ. ಹೇಳಬೇಕಾದ್ದನ್ನು ಬರೆದುಕೊಂಡು ಕೂರಿ. ಎರಡು ಕಡೆ ತೊಡಕು ಬರುತ್ತದೆ. ಮೊದಲನೆಯದು ಸಂಖ್ಯೆ. ನಮ್ಮಲ್ಲಿ ನಲವತ್ತೇಳು, ಅವರಲ್ಲಿ ಏಳು ಮೊದಲು, ನಲವತ್ತು ಆಮೇಲೆ: ‘ಜೀಬನ್ ಉಂಡ್ ಫಿರ್ಟ್ಸಿಶ್’. ಫೋನ್ ನಂಬರನ್ನು ಎರಡೆರಡಾಗಿ ಹೇಳಿದರೆ ಕೈ ತಪ್ಪು ಬರೆಯುತ್ತದೆ. ‘ಐನ್ಟ್ಸೆಲ್ನ್, ಬಿಟ್ಟೆ’ ಎಂದು ಒಂದೊಂದಾಗಿ ಹೇಳಿಸಿಕೊಳ್ಳಿ.

ಎರಡನೆಯದು ನಮ್ಮ ಹೆಸರು. ವೆಂಕಟೇಶಮೂರ್ತಿ ಎಂದು ಫೋನಿನಲ್ಲಿ ಹೇಳಿ ಅವರು ಸರಿಯಾಗಿ ಬರೆದುಕೊಳ್ಳಲಿ ಎಂದು ನಿರೀಕ್ಷಿಸಲಾಗದು. ಅದಕ್ಕಾಗಿ ಅಕ್ಷರಕ್ಕೊಂದು ಪದ ಹೇಳುವ ಪಟ್ಟಿಯಿದೆ. ಜನ ಹಿಂದಿನಿಂದ ಬಳಸುತ್ತಿರುವುದು ವ್ಯಕ್ತಿಗಳ ಹೆಸರು: ಎ ಅಕ್ಷರಕ್ಕೆ ‘ಆಂಟೋನ್’, ಬಿ ಅಕ್ಷರಕ್ಕೆ ‘ಬೆರ್ಟಾ’. 2022ರಲ್ಲಿ ಬಂದ ಹೊಸ ಪಟ್ಟಿಯಲ್ಲಿ ಊರುಗಳ ಹೆಸರಿದೆ: ‘ಆಖನ್’, ‘ಬೆರ್ಲೀನ್’. ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ನಿಮ್ಮ ಹೆಸರಿನ ಪೂರ್ತಿ ಪಟ್ಟಿಯನ್ನು ಚೀಟಿಯಲ್ಲಿ ಬರೆದು ಫೋನಿನ ಹತ್ತಿರ ಇಟ್ಟುಕೊಳ್ಳಿ, ಸಂಗಾತಿ ಮಕ್ಕಳ ಹೆಸರುಗಳನ್ನೂ ಸೇರಿಸಿ.

ಕಚೇರಿಯಲ್ಲಿ

ಸಭೆಗಳ ಭಾಷೆ ಇಂಗ್ಲಿಷ್ ಆಗಿದ್ದರೆ ಅದನ್ನು ಬದಲಿಸಲು ಹೋಗಬೇಡಿ. ಊಟದ ಬಿಡುವನ್ನು ಮಾತ್ರ ಬಿಟ್ಟುಕೊಡಬೇಡಿ. ಭಾರತೀಯರ ಮೇಜಿನಲ್ಲಿ ಕೂರುವುದು ಹಿತ, ಆದರೆ ವಾರದಲ್ಲಿ ಎರಡು ದಿನವಾದರೂ ಜರ್ಮನ್ ಸಹೋದ್ಯೋಗಿಗಳ ಮೇಜಿಗೆ ಹೋಗಿ. ಮೊದಲ ತಿಂಗಳುಗಳಲ್ಲಿ ಕೇಳುತ್ತಾ ಕೂತರೂ ತಪ್ಪಿಲ್ಲ. ಒಬ್ಬ ಆತ್ಮೀಯ ಸಹೋದ್ಯೋಗಿಯೊಡನೆ ಒಪ್ಪಂದ ಮಾಡಿಕೊಳ್ಳಿ: ಅವರು ನಿಮಗೆ ಬರೆಯುವ ಸಂದೇಶಗಳೆಲ್ಲ ಜರ್ಮನ್‌ನಲ್ಲೇ ಇರಲಿ.

ಮನೆ, ಮಕ್ಕಳು, ಕನ್ನಡ

ಭಾಷೆ ಕಲಿಯಲು ಮನೆಯಲ್ಲೂ ಜರ್ಮನ್ ಮಾತನಾಡಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಹೊರಗೆ ಎಷ್ಟು ಬೇಕಾದರೂ ಜರ್ಮನ್, ಬಾಗಿಲು ದಾಟಿ ಒಳಬಂದ ಮೇಲೆ ಕನ್ನಡ. ಶಿಶುವಿಹಾರಕ್ಕೆ ಹೋದ ಮಗು ಗೆಳೆಯರಿಂದ ಜರ್ಮನ್ ಕಲಿತೇ ಕಲಿಯುತ್ತದೆ, ಉಚ್ಚಾರಣೆಯಲ್ಲಿ ನಮ್ಮನ್ನು ಬೇಗನೆ ಮೀರಿಸುತ್ತದೆ. ಕನ್ನಡವನ್ನು ಅದಕ್ಕೆ ಕೊಡಬಲ್ಲವರು ಅಲ್ಲಿ ನಾವಿಬ್ಬರೇ. ಅರೆಬರೆ ಜರ್ಮನ್ ಅನ್ನು ಅಪ್ಪ ಅಮ್ಮನಿಂದ ಕಲಿತು ಮಗುವಿಗೆ ಆಗಬೇಕಾದ್ದೇನೂ ಇಲ್ಲ.

ಶಾಲೆಯ ಪೋಷಕರ ಸಭೆಗೆ, ಅಂದರೆ ‘ಎಲ್ಟರ್ನ್‌ಆಬೆಂಡ್’ಗೆ, ಭಾಷೆ ಬಾರದೆಂದು ತಪ್ಪಿಸಿಕೊಳ್ಳಬೇಡಿ. ವೈದ್ಯರ ಬಳಿ, ಕಚೇರಿಯಲ್ಲಿ ಮಗುವನ್ನು ದುಭಾಷಿ ಮಾಡಿಕೊಳ್ಳಬೇಡಿ. ದೊಡ್ಡವರ ಚಿಂತೆಯನ್ನು ಎಂಟು ವರ್ಷದ ಮಗುವಿನ ಬಾಯಲ್ಲಿ ಹೇಳಿಸುವುದು ಅದಕ್ಕೆ ಭಾರ. ಮಗುವಿನ ಗೆಳೆಯರ ತಂದೆತಾಯಿಯರೊಡನೆ ಆಟದ ಮೈದಾನದಲ್ಲಿ ನಿಂತು ಆಡುವ ಮಾತು ನಿಮಗೆ ಸಿಗುವ ಒಳ್ಳೆಯ ಅಭ್ಯಾಸ.

ಮ್ಯೂನಿಕ್, ಫ್ರಾಂಕ್‌ಫರ್ಟ್‌ನಂಥ ನಗರಗಳಲ್ಲಿ ಕನ್ನಡ ಸಂಘಗಳಿವೆ. ರಾಜ್ಯೋತ್ಸವಕ್ಕೂ ಯುಗಾದಿಗೂ ಹೋಗಿ, ಮಕ್ಕಳನ್ನು ಕನ್ನಡ ತರಗತಿಗೆ ಸೇರಿಸಿ. ಪ್ರತಿ ಶನಿವಾರ ಭಾನುವಾರ ಎರಡೂ ನಮ್ಮವರ ಮನೆಗಳಲ್ಲೇ ಕಳೆಯದಿದ್ದರೆ ಸಾಕು. ಒಂದು ದಿನ ಕನ್ನಡಕ್ಕೆ, ಒಂದು ದಿನ ಈಗ ನೆಲೆಸಿರುವ ಊರಿಗೆ.

ನಡುದಾರಿಯಲ್ಲಿ ನಿಂತಾಗ

ಬಿ1 ಮುಗಿದ ಮೇಲೆ ಬಹುತೇಕರು ಅಲ್ಲೇ ನಿಲ್ಲುತ್ತಾರೆ. ಅಂಗಡಿ, ವೈದ್ಯರು, ಬಸ್ಸು ಎಲ್ಲ ನಿಭಾಯಿಸುತ್ತಾರೆ. ತಮಾಷೆ ಮಾತ್ರ ಅರ್ಥವಾಗುವುದಿಲ್ಲ, ನಾಲ್ಕು ಜನ ಒಟ್ಟಿಗೆ ಮಾತನಾಡಿದರೆ ಹಿಂದೆ ಬೀಳುತ್ತಾರೆ, ವಾದ ಮಾಡಲು ಆಗುವುದಿಲ್ಲ. ಇಲ್ಲಿಂದ ಮುಂದೆ ಹೊಸ ವ್ಯಾಕರಣಕ್ಕಿಂತ ಹೊಸ ಸಂದರ್ಭಗಳು ಬೇಕು.

ಸ್ಥಳೀಯ ಆಡುನುಡಿಗೆ ಕಿವಿಗೊಡಿ. ಶ್ಟುಟ್‌ಗಾರ್ಟ್ ಸುತ್ತಲಿನ ಶ್ವೇಬಿಷ್, ಮ್ಯೂನಿಕ್ ಕಡೆಯ ಬವೇರಿಯನ್ ಮೊದಲಿಗೆ ಬೇರೆ ಭಾಷೆಯೇ ಎನಿಸುತ್ತವೆ. ಮೈಸೂರಿನವರಿಗೆ ಧಾರವಾಡದ, ಕುಂದಾಪುರದ ಕನ್ನಡ ಮೊದಲ ದಿನ ಕಷ್ಟವಾಗಿ ತಿಂಗಳಲ್ಲಿ ಸಲೀಸಾಗುವುದನ್ನು ನಾವು ಬಲ್ಲೆವು. ಆಡಲು ಹೋಗಬೇಡಿ, ಅರ್ಥಮಾಡಿಕೊಳ್ಳಿ. ನಮಸ್ಕಾರ ಎನ್ನಲು ದಕ್ಷಿಣದಲ್ಲಿ ‘ಗ್ರ್ಯುಸ್ ಗಾಟ್’ ಎಂದೂ ಹ್ಯಾಂಬರ್ಗ್‌ನಲ್ಲಿ ‘ಮೊಯ್ನ್’ ಎಂದೂ ಹೇಳಿದರೆ ಮುಖ ಅರಳುತ್ತದೆ. ಶ್ವೇಬಿಷ್ ಊರುಗಳ ಬಹುಮಹಡಿ ಮನೆಗಳಲ್ಲಿ ‘ಕೇರ್‌ವೋಖೆ’ ಎಂದು ಮೆಟ್ಟಿಲು, ಅಂಗಳ ಗುಡಿಸುವ ಸರದಿ ವಾರಕ್ಕೊಬ್ಬರದು. ನಿಮ್ಮ ಸರದಿ ಬಂದಾಗ ಹಣ ಕೊಟ್ಟು ಬೇರೆಯವರಿಂದ ಮಾಡಿಸಬೇಡಿ. ಪೊರಕೆ ಹಿಡಿದು ಮೆಟ್ಟಿಲ ಮೇಲೆ ನಿಂತವರನ್ನು ನೆರೆಹೊರೆಯವರು ಮಾತನಾಡಿಸದೆ ಮುಂದೆ ಹೋಗುವುದಿಲ್ಲ.

ಇದುವರೆಗೆ ಗೆಳೆಯರಿಂದ ಮಾಡಿಸಿಕೊಳ್ಳುತ್ತಿದ್ದ ಕೆಲಸಗಳ ಪಟ್ಟಿ ಮಾಡಿ: ಇಂಟರ್ನೆಟ್ ಕಂಪನಿಗೆ ದೂರು, ಬಾಡಿಗೆಯ ಲೆಕ್ಕದ ಬಗ್ಗೆ ಮಾಲೀಕರಿಗೆ ಪತ್ರ, ಶಿಕ್ಷಕರೊಡನೆ ಭೇಟಿ, ಸಂಘದ ವಾರ್ಷಿಕ ಸಭೆಯಲ್ಲಿ ಒಂದು ಪ್ರಶ್ನೆ. ತಿಂಗಳಿಗೊಂದನ್ನು ನೀವೇ ಮಾಡಿ. ದೂರಿನ ಕರೆಯಿಂದ ಆರಂಭಿಸುವುದು ಒಳ್ಳೆಯದು. ಸಿಟ್ಟು ಬಂದಾಗ ವಿಭಕ್ತಿಯ ಭಯ ಇರುವುದಿಲ್ಲ, ಮಾತು ತಾನೇ ಓಡುತ್ತದೆ. ಕರೆಗೆ ಮೊದಲು ಗ್ರಾಹಕ ಸಂಖ್ಯೆ, ಬಿಲ್ಲಿನ ದಿನಾಂಕ ಮತ್ತು ನಿಮ್ಮ ಹೆಸರಿನ ಅಕ್ಷರಪಟ್ಟಿ ಮುಂದಿರಲಿ.